ಅಪ್ಪನ ಉಯಿಲಿನಲ್ಲಿದ್ದ ಒಂದು ಸಾಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಹೆತ್ತವರು ಬರೆದಿಟ್ಟ ಉಯಿಲು ಸರಿಯಿಲ್ಲ ಅಂತ ಕೋರ್ಟಿಗೆ ಹೋಗುವ ಮಕ್ಕಳಿಗೆ ಆಸ್ತಿ ಮೇಲೆ ಮಾತ್ರ ಆಸೆ, ಅದರಲ್ಲೂ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹೀಗೆ ಮಾಡಿದರೆ ತವರು ಉಳಿಯುವುದಿಲ್ಲ ಅಂತ. ಓದಿದ ಮೇಲೆ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಈ ಕಾಗದ ಬರೆಯಲು ಕೂತೆ. ಯಾಕೆಂದರೆ ನಾನು ಹಾಗೆ ಕೋರ್ಟಿಗೆ ಹೋದ ಮಗಳು. ಐದು ವರ್ಷ ಅಲೆದಿದ್ದೇನೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ. ತಮ್ಮನ ಮಕ್ಕಳು ಇದೇ ಪತ್ರಿಕೆ ಓದುತ್ತಾರೆ.

ನಾನು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ಶಾಖಾ ಅಂಚೆ ಪಾಲಕಿ. 1991ರಿಂದ ಇದೇ ಕೆಲಸ. ನನಗೀಗ 59 ವರ್ಷ. ಊರಿಗೆ ಬರುವ, ಸಹಿ ಹಾಕಿಸಿಕೊಂಡು ಕೊಡುವ ಕಾಗದಗಳೆಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ಅಣ್ಣನಿಗೆ ತಂಗಿ ಕಳಿಸಿದ ಲಾಯರ್ ನೋಟಿಸು, ಅಕ್ಕನಿಗೆ ತಮ್ಮ ಕಳಿಸಿದ್ದು, ಎಷ್ಟೋ ನೋಡಿದ್ದೇನೆ. ಸಹಿ ಹಾಕುವವರ ಮುಖ ನೋಡಲಾಗದೆ ಕಾಗದದ ಕಡೆ ನೋಡುತ್ತಾ ನಿಂತಿದ್ದೇನೆ. ನಾನೇ ಒಂದು ದಿನ ನನ್ನ ತಮ್ಮನಿಗೆ ಅಂಥದ್ದೊಂದು ಕಳಿಸುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಅದನ್ನು ನಮ್ಮ ಕಚೇರಿಯಿಂದ ಕಳಿಸಲಿಲ್ಲ. ಪೇಟೆಗೆ ಹೋಗಿ ಅಲ್ಲಿಂದ ಹಾಕಿದೆ.

ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. 34 ವರ್ಷ ಪಾಠ ಹೇಳಿದವರು. ಸಂಬಳದಲ್ಲಿ ಉಳಿಸಿ 30×40 ಅಡಿಯ ಸೈಟು ಕೊಂಡು ಮನೆ ಕಟ್ಟಿದರು. ತಾತನ ಕಾಲದ ಮೂರು ಎಕರೆ ತೆಂಗಿನ ತೋಟ ಇತ್ತು, ಹೆಚ್ಚುಕಡಿಮೆ 130 ಮರ. ನಾವು ಇಬ್ಬರೇ ಮಕ್ಕಳು, ನಾನು ಮತ್ತು ನನಗಿಂತ ನಾಲ್ಕು ವರ್ಷ ಚಿಕ್ಕವನು ತಮ್ಮ. ನನ್ನ ಮದುವೆ 1988ರ ಮೇ ತಿಂಗಳಲ್ಲಿ ಆಯಿತು. ಅಮ್ಮ 2009ರಲ್ಲಿ ಹೋದಳು. 2014ರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯಿತು. ಆಮೇಲೆ ಅವರು ಬದುಕಿದ್ದು ಸುಮಾರು ಎರಡು ವರ್ಷ. ಆ ಎರಡು ವರ್ಷವೂ ತಮ್ಮನ ಮನೆಯವರೇ ನೋಡಿಕೊಂಡರು. ತಮ್ಮನ ಹೆಂಡತಿ ಅಪ್ಪನಿಗೆ ಸ್ನಾನ ಮಾಡಿಸಿದ್ದಾಳೆ, ಬಟ್ಟೆ ಒಗೆದಿದ್ದಾಳೆ, ಗಂಜಿ ಕುಡಿಸಿದ್ದಾಳೆ. ಭಾನುವಾರ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದ ನಾನು ಅಷ್ಟು ಮಾಡಲಿಲ್ಲ. ಇದನ್ನು ನಾನು ಕೋರ್ಟಿನಲ್ಲೂ ಹೇಳಿದೆ.

ಅಪ್ಪ ಹೋದ ಮೇಲೆ ತಮ್ಮ ಆಸ್ತಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಪೌತಿ ಖಾತೆಗೆ ಅರ್ಜಿ ಕೊಟ್ಟ. ಅರ್ಜಿಯ ಜೊತೆ ಉಯಿಲು ಇಟ್ಟಿದ್ದ. ನನಗೆ ನೋಟಿಸು ಬಂತು. ಉಯಿಲು ಅಂತ ಒಂದು ಇದೆ ಅನ್ನುವುದೇ ನನಗೆ ಗೊತ್ತಾಗಿದ್ದು ಆಗ. ಹೋಗಿ ಜೆರಾಕ್ಸ್ ತೆಗೆಸಿಕೊಂಡು ಬಂದೆ. ಐದು ಪುಟ. ಲಕ್ವ ಹೊಡೆದ ಆರು ತಿಂಗಳಿಗೆ ಬರೆಸಿದ್ದು, ರಿಜಿಸ್ಟರ್ ಆಗಿದೆ. ಮನೆ, ತೋಟ, ಬ್ಯಾಂಕಿನಲ್ಲಿದ್ದ ಹಣ ಎಲ್ಲ ಮಗನಿಗೆ. ನನಗೆ ಅಮ್ಮನ ಎರಡು ಬಳೆ ಮತ್ತು 50,000 ರೂಪಾಯಿ. ಎಲ್ಲ ಪುಟದಲ್ಲೂ ಎಡಗೈ ಹೆಬ್ಬೆಟ್ಟಿನ ಗುರುತು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮನುಷ್ಯ ಹೆಬ್ಬೆಟ್ಟು ಒತ್ತಿದ್ದು ನೋಡಿ ಹೊಟ್ಟೆ ಉರಿಯಿತು. ಆದರೆ ಕೈ ಬಿದ್ದಿತ್ತು, ಅದು ನಿಜ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ನನ್ನನ್ನು ಕೋರ್ಟಿನ ತನಕ ಕರೆದುಕೊಂಡು ಹೋಗಿದ್ದು ಮೂರನೇ ಪುಟದ ಒಂದು ಸಾಲು. ಹೀಗಿತ್ತು: ‘ನನ್ನ ಮಗಳಿಗೆ ವಿವಾಹ ಕಾಲದಲ್ಲಿ ಒಡವೆ ವಸ್ತ್ರ ಮತ್ತು ನಗದು ಕೊಟ್ಟು ತ್ರುಪ್ತಿಪಡಿಸಿರುವುದರಿಂದ ಸದರಿ ಸ್ವತ್ತುಗಳಲ್ಲಿ ಆಕೆಗೆ ಯಾವ ಹಕ್ಕೂ ಇರುವುದಿಲ್ಲ.’

ಆ ಪದ ಹಾಗೇ ಇತ್ತು ಸ್ವಾಮಿ, ‘ತ್ರುಪ್ತಿ’ ಅಂತ. ತಕಾರಕ್ಕೆ ರಾವತ್ತು ಕೊಟ್ಟು ಉಕಾರ ಹಾಕಿದ್ದರು. ನಮ್ಮಪ್ಪ ವಟ್ರಸುಳಿ ತಪ್ಪಿದರೆ ಸುಮ್ಮನೆ ಬಿಡುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿ ‘ಕ್ರುಷ್ಣ’ ಅಂತ ಬರೆದಿದ್ದಕ್ಕೆ ಸ್ಲೇಟು ಒರೆಸಿ ಐವತ್ತು ಸಲ ‘ಕೃಷ್ಣ’ ಬರೆಸಿದ್ದರು. ಮದುವೆ ಕರೆಯೋಲೆ ಬಂದರೂ ಮೊದಲು ಕಾಗುಣಿತ ನೋಡಿ, ಪೆನ್ನಿನಲ್ಲಿ ತಿದ್ದಿ, ಆಮೇಲೆ ಯಾರ ಮದುವೆ ಅಂತ ನೋಡುತ್ತಿದ್ದರು. ಆ ಪುಟವನ್ನು ಅವರು ಓದಿದ್ದರೆ ಎಡಗೈಯಲ್ಲಾದರೂ ಒಂದು ಗೆರೆ ಎಳೆದು ತಿದ್ದಿಸುತ್ತಿದ್ದರು. ಇದು ಕೋರ್ಟಿನಲ್ಲಿ ಪುರಾವೆ ಆಗುವುದಿಲ್ಲ ಅಂತ ನಮ್ಮ ವಕೀಲರು ಹೇಳಿದರು. ಇರಬಹುದು. ನನಗೆ ಅಷ್ಟೇ ಸಾಕಾಗಿತ್ತು.

ಹೌದು, ನನಗೆ ಜಾಸ್ತಿ ಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ. ನಮ್ಮೆಜಮಾನರ ಸೈಕಲ್ ಅಂಗಡಿ ಮುಚ್ಚಿ ಆಗಲೇ ನಾಲ್ಕು ವರ್ಷ ಆಗಿತ್ತು. ಮಗಳ ಓದಿಗೆ ಸಾಲ ಇತ್ತು. ಅಪ್ಪನ ತೋಟದಲ್ಲಿ ನನಗೊಂದು ಪಾಲು ಬಂದರೆ ಬದುಕು ಸ್ವಲ್ಪ ಹಗುರ ಆಗುತ್ತದೆ ಅನ್ನುವ ಆಸೆ ಇತ್ತು. ತಮ್ಮನಿಗೆ ಆ ಆಸೆ ಇದ್ದರೆ ಅದು ಹಕ್ಕು, ನನಗೆ ಇದ್ದರೆ ದುರಾಸೆ. ಇದು ಯಾವ ನ್ಯಾಯ?

ಆದರೆ ಒಂದು ಮಾತು ನಂಬಿ. ಆ ಉಯಿಲಿನಲ್ಲಿ ‘ಕೊನೆಗಾಲದಲ್ಲಿ ಮಗ, ಸೊಸೆ ನನ್ನನ್ನು ನೋಡಿಕೊಂಡರು, ಅದಕ್ಕೆ ಮನೆ ಅವರಿಗೆ ಕೊಡುತ್ತಿದ್ದೇನೆ’ ಅಂತ ಇದ್ದಿದ್ದರೆ ನಾನು ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದು ನಿಜ, ನನ್ನ ಕಣ್ಣಾರೆ ಕಂಡದ್ದು. ಐದು ಪುಟದಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಇದ್ದಿದ್ದು ನನ್ನ ಮದುವೆಯ ಲೆಕ್ಕ.

ಲೆಕ್ಕ ಅಂದೆನಲ್ಲ, ಅದನ್ನೂ ಹೇಳುತ್ತೇನೆ. ನನ್ನ ಮದುವೆಗೆ ಎಷ್ಟು ಖರ್ಚಾಯಿತು ಅಂತ ತೋರಿಸಲು ತಮ್ಮನ ಕಡೆ ವಕೀಲರು ಅಪ್ಪನ ಲೆಕ್ಕದ ಪುಸ್ತಕವನ್ನೇ ಕೋರ್ಟಿಗೆ ತಂದು ದಾಖಲೆಗೆ ಸೇರಿಸಿದರು. ಉದ್ದನೆಯ ರೂಲ್ ಪುಸ್ತಕ, ಮೇಲೆ ಖಾಕಿ ಬಣ್ಣದ ರಟ್ಟು. ಅಪ್ಪನ ಗುಂಡಗಿನ ಅಕ್ಷರ. ಅಕ್ಕಿ 3 ಕ್ವಿಂಟಾಲ್, 1,260. ವಾಲಗದವರಿಗೆ 600. ಗಂಡಿಗೆ ವಾಚು, ಉಂಗುರ 2,350. ಅಮ್ಮನ ಕೊರಳಿನ ಹಳೇ ಅಡ್ಡಿಕೆ ಕರಗಿಸಿ ನನಗೆ ಮಾಡಿಸಿದ ಸರಕ್ಕೆ ಮೇಲೆ ಹಾಕಿದ್ದು 3,400. ಎಲ್ಲ ಕೂಡಿಸಿ ಕೆಳಗೆ ಎರಡು ಗೆರೆ ಎಳೆದು 27,640 ಅಂತ ಬರೆದಿದ್ದರು. ಕೋರ್ಟಿನಲ್ಲಿ ಆ ಪುಟ ನನ್ನ ಕೈಗೆ ಕೊಟ್ಟು ‘ಇದು ನಿಮ್ಮ ತಂದೆಯ ಕೈಬರಹ ಅಲ್ವಾ?’ ಅಂತ ಕೇಳಿದರು. ಹೌದು ಅಂದೆ. ಕಣ್ಣಲ್ಲಿ ನೀರು ಬಂತು. ಒಂದು ನಿಮಿಷ ತಗೊಳ್ಳಿ ಅಂತ ಜಡ್ಜ್ ಅವರೇ ಹೇಳಿದರು.

ಆಮೇಲೆ ನಮ್ಮ ವಕೀಲರು ಅದೇ ಪುಸ್ತಕ ಕೇಳಿ ತೆಗೆದುಕೊಂಡು ಮುಂದಿನ ಪುಟ ತಿರುವಿದರು. ಅದೇ ವರ್ಷ ತಮ್ಮನನ್ನು ಡಿಪ್ಲೊಮಾಗೆ ಸೇರಿಸಿದ್ದರು. ಡೊನೇಷನ್, ಫೀಸು, ಹಾಸ್ಟೆಲು ಸೇರಿ ಮೂರು ವರ್ಷಕ್ಕೆ 41,000. 1996ರಲ್ಲಿ ಅವನ ವ್ಯವಹಾರಕ್ಕೆ ಅಂತ 75,000. ಇನ್ನೂ ಮುಂದೆ ಹೋದರೆ 1993ರಿಂದ ಪ್ರತಿ ತಿಂಗಳೂ ಒಂದು ಸಾಲು: ‘ಮಗಳಿಂದ ಬಂತು, 50.’ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಅದರ ಔಷಧಿಗೆ ನಾನು ಕಳಿಸುತ್ತಿದ್ದ ಮನಿಯಾರ್ಡರ್. ಫಾರಂ ನಾನೇ ಬರೆದು, ನಾನೇ ಮೊಹರು ಹೊಡೆದು ಕಳಿಸಿದ್ದು. ಅಪ್ಪ ಒಂದು ತಿಂಗಳೂ ಬಿಡದೆ ಬರೆದಿಟ್ಟಿದ್ದರು. ಅಷ್ಟು ನಿಯತ್ತಿನ ಮನುಷ್ಯ.

ತಮ್ಮನಿಗೆ ಓದಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಓದಿದ, ಒಳ್ಳೆಯದಾಯಿತು. ನಾನು ಪಿಯುಸಿ ಆದ ಮೇಲೆ ಓದಲಿಲ್ಲ, ಆಗ ಹಾಗಿತ್ತು. ನಾನು ಕೇಳುವುದು ಇಷ್ಟೇ. ಮಗನ ಓದಿಗೆ 41,000 ಕೊಟ್ಟಿದ್ದೇವೆ, ಅವನನ್ನು ತೃಪ್ತಿಪಡಿಸಿದ್ದೇವೆ, ಇನ್ನು ಅವನಿಗೆ ಹಕ್ಕಿಲ್ಲ ಅಂತ ಯಾವ ಉಯಿಲಿನಲ್ಲಾದರೂ ಬರೆದಿದ್ದು ನೋಡಿದ್ದೀರಾ? ವಾಲಗದವರಿಗೆ ಕೊಟ್ಟ 600 ರೂಪಾಯಿ, ಊರಿಗೆಲ್ಲ ಹಾಕಿದ ಊಟ, ಅದೆಲ್ಲ ಮಗಳ ಪಾಲು ಅಂತ ಹೇಗೆ ಲೆಕ್ಕ ಆಗುತ್ತದೆ?

ಕಾನೂನಿನ ವಿಷಯ ನನಗೂ ಮೊದಲು ಗೊತ್ತಿರಲಿಲ್ಲ. ನಮ್ಮ ವಕೀಲರು ವಯಸ್ಸಾದ ಹೆಣ್ಣುಮಗಳು, ಕೂರಿಸಿಕೊಂಡು ಹೇಳಿದರು. ಅಪ್ಪ ತನ್ನ ದುಡಿಮೆಯಲ್ಲಿ ಮಾಡಿದ ಮನೆಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮಗನಿಗಾದರೂ ಸರಿ, ಮಠಕ್ಕಾದರೂ ಸರಿ. ನನಗೆ ಕಡಿಮೆ ಕೊಟ್ಟರು ಅಂತ ಮಾತ್ರ ಹೇಳಿ ಗೆಲ್ಲಲು ಆಗುವುದಿಲ್ಲ. ಆ ಉಯಿಲು ಅವರೇ, ಸ್ವಂತ ಬುದ್ಧಿಯಿಂದ, ತಿಳಿದು ಮಾಡಿದ್ದಾ ಅಂತ ಮಾತ್ರ ಕೇಳಬಹುದು. ತೋಟದ ಮಾತು ಬೇರೆ. ಅದು ತಾತನಿಂದ ಬಂದದ್ದು. ಅದರಲ್ಲಿ ಅಪ್ಪ ತನ್ನ ಪಾಲನ್ನು ಮಾತ್ರ ಉಯಿಲು ಮಾಡಬಹುದು, ನನ್ನ ಪಾಲನ್ನು ಬರೆಯಲು ಅವರಿಗೂ ಅಧಿಕಾರ ಇಲ್ಲ.

ತಮ್ಮನ ಕಡೆಯವರು ಅಕ್ಕನಿಗೆ ಪಾಲೇ ಇಲ್ಲ, ಅವಳ ಮದುವೆ 1988ರಲ್ಲೇ ಆಗಿದೆ ಅಂದರು. ನಮ್ಮ ರಾಜ್ಯ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಅದಕ್ಕೆ ಮೊದಲೇ ಮದುವೆಯಾದವರಿಗೆ ಹಕ್ಕು ಇರಲಿಲ್ಲ, ಅದು ನಿಜ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ತಾತನ ಕಾಲದ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕು, ಮದುವೆಯಾಗಿದ್ದರೂ ಅಷ್ಟೇ. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಪಾಲು ಆಗಿ ರಿಜಿಸ್ಟರ್ ಆಗಿದ್ದರೆ ಅದನ್ನು ಕೆದಕುವಂತಿಲ್ಲ. ನಮ್ಮಲ್ಲಿ ಪಾಲೇ ಆಗಿರಲಿಲ್ಲ. ನಮ್ಮ ಕೇಸು ನಡೆಯುತ್ತಿರುವಾಗಲೇ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು. 2005ರಲ್ಲಿ ಅಪ್ಪ ಬದುಕಿರಬೇಕು ಅಂತಲೂ ಇಲ್ಲ ಅಂದಿತು. ಅಂದರೆ ತೋಟದಲ್ಲಿ ಅಪ್ಪ, ತಮ್ಮ, ನಾನು ಮೂವರಿಗೂ ಸಮ ಪಾಲು, ಉಯಿಲು ನಿಂತರೂ ಮೂರು ಎಕರೆಯಲ್ಲಿ ಒಂದು ಎಕರೆ ನನ್ನದೇ. ಉಯಿಲು ಬಿದ್ದರೆ ಅಪ್ಪನ ಪಾಲಿನಲ್ಲೂ ಅರ್ಧ ಸೇರಿ ಒಂದೂವರೆ ಎಕರೆ, ಜೊತೆಗೆ ಮನೆಯಲ್ಲಿ ಅರ್ಧ.

ನಮ್ಮ ಕಡೆ ಜನ ಉಯಿಲು ರಿಜಿಸ್ಟರ್ ಆದರೆ ಮುಗೀತು, ಬ್ರಹ್ಮ ಬಂದರೂ ಅಳಿಸಲು ಆಗಲ್ಲ ಅಂದುಕೊಂಡಿದ್ದಾರೆ. ಹಾಗಲ್ಲ. ಉಯಿಲು ರಿಜಿಸ್ಟರ್ ಮಾಡಿಸಲೇಬೇಕು ಅಂತಲೂ ಇಲ್ಲ, ಮಾಡಿಸಿದ ಮಾತ್ರಕ್ಕೆ ಅದು ಸಾಬೀತಾಯಿತು ಅಂತಲೂ ಇಲ್ಲ. ಇಬ್ಬರು ಸಾಕ್ಷಿ ಬೇಕು. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಒಬ್ಬೊಬ್ಬ ಸಾಕ್ಷಿಯೂ ಕಣ್ಣಾರೆ ನೋಡಿರಬೇಕು, ಇಲ್ಲವೇ ಇದು ನನ್ನದೇ ಅಂತ ಅವರ ಬಾಯಿಂದ ಕೇಳಿರಬೇಕು. ಆಮೇಲೆ ಬರೆಸಿದವರ ಎದುರಿಗೇ ಸಾಕ್ಷಿ ಸಹಿ ಹಾಕಬೇಕು. ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ನಮ್ಮ ಮೈಸೂರು ಸೀಮೆಯಿಂದಲೇ ಹೋದ ಒಂದು ಪ್ರಕರಣ ಇದೆಯಂತೆ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮನವರದ್ದು. 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದು. ಉಯಿಲಿನ ಸುತ್ತ ಅನುಮಾನ ಇದ್ದರೆ, ಆ ಅನುಮಾನ ಕಳೆಯುವ ಹೊಣೆ ಉಯಿಲು ಹಿಡಿದುಕೊಂಡು ಬಂದವರ ಮೇಲೇ ಅಂತ ಅದರಲ್ಲಿ ಹೇಳಿದೆ. ಇವತ್ತಿಗೂ ದೇಶದ ಎಲ್ಲ ಕೋರ್ಟುಗಳಲ್ಲೂ ಅದನ್ನೇ ಹೇಳುತ್ತಾರೆ. ಲಾಭ ಯಾರಿಗೋ ಅವರೇ ಮುಂದೆ ನಿಂತು ಬರೆಸಿದ್ದರೆ, ಕಾಯಿಲೆ ಮನುಷ್ಯನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬರೆಸಿದ್ದರೆ, ಕೋರ್ಟು ಕಣ್ಣುಮುಚ್ಚಿ ಒಪ್ಪುವುದಿಲ್ಲ. ನಮ್ಮದರಲ್ಲಿ ಈ ಎರಡೂ ಇತ್ತು.

ಅಪ್ಪನ ಉಯಿಲಿಗೆ ಸಹಿ ಹಾಕಿದ್ದ ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಅಪ್ಪನ ಹಳೇ ಶಿಷ್ಯ, ಕೊಬ್ಬರಿ ವ್ಯಾಪಾರ ಮಾಡುವವರು. ಕೊರೊನಾದಲ್ಲಿ ಕೋರ್ಟು ನಿಂತು ಮತ್ತೆ ಶುರುವಾದ ಮೇಲೆ, 2021ರಲ್ಲಿ ಅವರ ಪಾಟೀ ಸವಾಲು ನಡೆಯಿತು. ಹೆಬ್ಬೆಟ್ಟು ಒತ್ತುವಾಗ ನೀವು ಎಲ್ಲಿದ್ದಿರಿ ಅಂತ ನಮ್ಮ ವಕೀಲರು ಕೇಳಿದರು. ಅವರು ಕಟಕಟೆಯ ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು: ‘ನಾನು ಹೊರಗೆ ಟೀ ಅಂಗಡಿ ಹತ್ತಿರ ಇದ್ದೆ. ಮೇಷ್ಟ್ರು ಕಾರಿನಲ್ಲಿ ಕೂತಿದ್ದರು. ಕಾಗದ ನನ್ನ ಹತ್ತಿರ ತಂದರು, ಸಹಿ ಹಾಕಿದೆ. ಮೇಷ್ಟ್ರ ಉಯಿಲಲ್ವಾ ಅಂತ ಓದಲಿಲ್ಲ.’

ಅವರಿಗೆ ನಾನು ಋಣಿ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆದರೆ ಓದುಗರಲ್ಲಿ ಯಾರನ್ನಾದರೂ ನಾಳೆ ಉಯಿಲಿಗೆ ಸಾಕ್ಷಿ ಹಾಕಲು ಕರೆದರೆ, ದಯವಿಟ್ಟು ಟೀ ಅಂಗಡಿಯಲ್ಲಿ ನಿಂತು ಸಹಿ ಹಾಕಬೇಡಿ. ಒಳಗೆ ಹೋಗಿ, ಬರೆಸುವವರ ಪಕ್ಕ ಕೂತು, ಏನು ಬರೆಸಿದ್ದೀರಿ ಅಂತ ಒಂದು ಸಲ ಕೇಳಿ.

ಉಯಿಲು ಬರೆದುಕೊಟ್ಟ ಪತ್ರ ಬರಹಗಾರರನ್ನೂ ಕೋರ್ಟಿಗೆ ಕರೆಸಿದ್ದರು. ಆ ಮೂರನೇ ಪುಟದ ಸಾಲನ್ನು ಮೇಷ್ಟ್ರು ಹೇಳಿ ಬರೆಸಿದರಾ ಅಂತ ಕೇಳಿದಾಗ, ‘ಹೆಣ್ಣುಮಕ್ಕಳಿದ್ದರೆ ಎಲ್ಲಾ ಉಯಿಲಿನಲ್ಲೂ ಅದನ್ನು ಹಾಕುತ್ತೇವೆ, ಮೊದಲಿನಿಂದ ಇರುವ ನಮೂನೆ ಅದು’ ಅಂದರು. ತಪ್ಪು ಮಾಡಿದ್ದೇನೆ ಅನ್ನುವ ಭಾವನೆಯೇ ಅವರಿಗೆ ಇರಲಿಲ್ಲ. ಹೆಸರು, ಸರ್ವೆ ನಂಬರು, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಬದಲಾಯಿಸಿದರೆ ಉಯಿಲು ತಯಾರು. ಕೇಸು ನಡೆಯುವಾಗ ನಮ್ಮೂರಿನ ಮೂರು ಹೆಣ್ಣುಮಕ್ಕಳು ತಮ್ಮ ತವರಿನ ಉಯಿಲಿನ ನಕಲು ತಂದು ನನಗೆ ತೋರಿಸಿದರು. ಮೂರರಲ್ಲೂ ಅದೇ ಸಾಲು, ಅದೇ ‘ತ್ರುಪ್ತಿ’. ಅವರಲ್ಲಿ ಒಬ್ಬಳಿಗೆ ದೇವಸ್ಥಾನದಲ್ಲಿ ಹಾರ ಹಾಕಿಸಿ ಮದುವೆ ಮಾಡಿದ್ದು. ಒಡವೆಯೂ ಇಲ್ಲ, ವಸ್ತ್ರವೂ ಇಲ್ಲ, ನಗದೂ ಇಲ್ಲ. ಅವಳೂ ತೃಪ್ತಳಾಗಿದ್ದಾಳೆ ಅಂತ ಬರೆದಿತ್ತು.

ಸಾಕ್ಷಿ ಹೇಳಿಕೆ ಆದ ಮೇಲೆ ತಮ್ಮ ಒಂದು ಸಂಜೆ ನಮ್ಮ ಮನೆಗೆ ಬಂದ. ಐದು ವರ್ಷದಲ್ಲಿ ಮೊದಲ ಸಲ. ಒಳಗೆ ಬರಲಿಲ್ಲ, ಜಗಲಿ ಮೇಲೆ ಕೂತ. ಕಾಫಿ ಕೊಟ್ಟೆ. ‘ಅಕ್ಕ, ಉಯಿಲು ಬರೆಸಿದ್ದು ನಿಜ. ನೀನು ಕೇಳಿದರೆ ಏನು ಮಾಡುವುದು ಅಂತ ಹೆದರಿ ಬರೆಸಿದೆ. ಅಪ್ಪ ಹೂಂ ಅಂದಿದ್ದರು. ಆದರೆ ಆ ಸಾಲು ನಾನು ಹೇಳಿದ್ದಲ್ಲ’ ಅಂದ. ನೀನು ಓದಿದೆಯಾ ಅಂತ ಕೇಳಿದೆ. ಇಲ್ಲ ಅಂದ. ಅವನೂ ಓದಿಲ್ಲ, ಅಪ್ಪನೂ ಓದಿಲ್ಲ, ಸಾಕ್ಷಿಯೂ ಓದಿಲ್ಲ. ಓದಿದವಳು ನಾನೊಬ್ಬಳೇ.

2022ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಮನೆ ಪೂರ್ತಿ ತಮ್ಮನಿಗೆ. ಅವನ ಹೆಂಡತಿ ಅಪ್ಪನಿಗೆ ಮಾಡಿದ ಸೇವೆಗೆ ಅದು ಕಡಿಮೆಯೇ. ತೋಟದಲ್ಲಿ ನನಗೆ ಒಂದೂವರೆ ಎಕರೆ. ಕೋರ್ಟ್ ಫೀ ವಾಪಸ್ ಬಂತು. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ, ಹಾಗಾಗಿ ಮುಗಿದಂತೆಯೇ. ಪೂರ್ತಿ ನಡೆಸಿದ್ದರೆ ಮನೆಯಲ್ಲೂ ಅರ್ಧ ಬರಬಹುದಿತ್ತು ಅಂತ ಕೆಲವರು ಈಗಲೂ ಹೇಳುತ್ತಾರೆ. ನನಗೆ ಅದು ಬೇಡವಾಗಿತ್ತು. ನಾನು ಹಟ ಹಿಡಿದಿದ್ದು ಒಂದೇ. ರಾಜಿ ಅರ್ಜಿಯಲ್ಲಿ ಒಂದು ಸಾಲು ಸೇರಿಸಬೇಕು ಅಂದೆ: ಉಯಿಲಿನಲ್ಲಿ ವಾದಿಯ ಮದುವೆಯ ಬಗ್ಗೆ ಇರುವ ಮಾತು ಸರಿಯಲ್ಲ ಎಂದು ಪ್ರತಿವಾದಿ ಒಪ್ಪಿದ್ದಾನೆ. ವಕೀಲರು ಇದೆಲ್ಲ ಯಾಕಮ್ಮ, ಇದರಿಂದ ಒಂದು ಗುಂಟೆಯೂ ಜಾಸ್ತಿ ಬರಲ್ಲ ಅಂದರು. ಬೇಕು ಅಂದೆ. ತಮ್ಮ ಮರುಮಾತಾಡದೆ ಸಹಿ ಹಾಕಿದ.

ಈಗ ನನ್ನ ಕೋರಿಕೆ. ಉಯಿಲು ಬರೆಸುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮದನ್ನು ಯಾರಿಗೆ ಬೇಕಾದರೂ ಕೊಡಿ. ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ ಕೊಡಿ. ಯಾಕೆ ಅನ್ನುವುದನ್ನು ನಿಮ್ಮ ಮಾತಿನಲ್ಲೇ ಬರೆಸಿ, ಕೈಲಾಗುವಾಗಲೇ ಮಕ್ಕಳನ್ನೆಲ್ಲ ಕೂರಿಸಿ ಓದಿ ಹೇಳಿ. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹಾಗಾಗಿ ಓದಿ ಹೇಳಲು ಹೆದರಬೇಕಾಗಿಲ್ಲ. ಅವತ್ತು ಜಗಳ ಆದರೆ ಆಗಲಿ, ನೀವು ಇರುತ್ತೀರಿ, ಬೈಯಲು, ಸಮಾಧಾನ ಮಾಡಲು.

ಪತ್ರ ಬರಹಗಾರರಲ್ಲಿ ನಾನು ಕೈಮುಗಿದು ಕೇಳುವುದು, ನಿಮ್ಮ ಕಂಪ್ಯೂಟರಿನಲ್ಲಿರುವ ನಮೂನೆಯಿಂದ ಆ ಸಾಲು ತೆಗೆದುಬಿಡಿ. ಯಾರಾದರೂ ಮಗಳಿಗೆ ಕೊಟ್ಟಿದ್ದೇವೆ, ಬರೆಯಿರಿ ಅಂದರೆ, ಏನು ಕೊಟ್ಟಿರಿ, ಯಾವಾಗ, ಎಷ್ಟು ಅಂತ ಕೇಳಿ. ಮಗನಿಗೆ ಏನು ಕೊಟ್ಟಿರಿ ಅಂತಲೂ ಕೇಳಿ. ಎರಡನ್ನೂ ಬರೆಯಿರಿ.

ಅಪ್ಪನ ಲೆಕ್ಕದ ಪುಸ್ತಕವನ್ನು ಅರ್ಜಿ ಕೊಟ್ಟು ಕೋರ್ಟಿನಿಂದ ವಾಪಸ್ ತೆಗೆದುಕೊಂಡೆವು. ತಮ್ಮ ಅದನ್ನು ನೀನೇ ಇಟ್ಟುಕೊ ಅಂದ. ಈಗ ಅದು ನನ್ನ ಹತ್ತಿರ ಇದೆ. 27,640ರ ಪುಟದ ಮೇಲೆ ಕೋರ್ಟಿನ ಮೊಹರು ಬಿದ್ದಿದೆ. ತೋಟದ ನನ್ನ ಭಾಗದಲ್ಲಿ ಕಾಯಿ ಕೀಳಿಸಿದಾಗಲೆಲ್ಲ ಉಳಿದ ಖಾಲಿ ಹಾಳೆಗಳಲ್ಲಿ ನಾನು ಲೆಕ್ಕ ಬರೆಯುತ್ತಿದ್ದೇನೆ.

ಇಂತಿ,
ಒಬ್ಬ ಶಾಖಾ ಅಂಚೆ ಪಾಲಕಿ
ತಿಪಟೂರು ತಾಲ್ಲೂಕು